ನಲವತ್ತೇಳರ ಮುಂದಿನ ಸಂಖ್ಯೆ

ಅಕ್ಕನೂ ನಾನೂ ಮೂವತ್ತು ವರ್ಷ ಗಣಿತದ ಕೋಷ್ಟಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ನಮಗೆ ಅಚ್ಚುಮೆಚ್ಚಿನದು ಅವಿಭಾಜ್ಯ ಸಂಖ್ಯೆಗಳ ಕೋಷ್ಟಕ. ಅದನ್ನು ತಾಳೆ ನೋಡಲು ನಮ್ಮದೇ ಒಂದು ಲೆಕ್ಕವಿತ್ತು, ಪ್ರತಿ ಸಂಖ್ಯೆಯಲ್ಲೂ ಹಿಂದಿನ ಉತ್ತರ ಕಳೆಯುತ್ತಾ ಹೋಗಬೇಕು: ಮೊದಲು ಎರಡು, ಮೂರರಲ್ಲಿ ಎರಡು ಹೋದರೆ ಒಂದು, ಐದರಲ್ಲಿ ಒಂದು ಹೋದರೆ ನಾಲ್ಕು, ಏಳರಲ್ಲಿ ನಾಲ್ಕು ಹೋದರೆ ಮೂರು. ನಾನು ಸಂಖ್ಯೆ ಓದುತ್ತಿದ್ದೆ, ಅವಳು ಉತ್ತರದ ಕೊನೆಯ ಅಂಕಿಯಷ್ಟು ಸಲ ಮೇಜು ತಟ್ಟುತ್ತಿದ್ದಳು. ನಾನು ತಪ್ಪು ಓದಿದರೆ ತಟ್ಟುತ್ತಲೇ ಇರಲಿಲ್ಲ. ಬಾಯಿ ಬಿಟ್ಟು ಹೇಳುವ ಜಾಯಮಾನ ಅವಳದ್ದಲ್ಲ. "ನಿನ್ನ ತಪ್ಪು ನೀನೇ ಹುಡುಕ್ಕೋ, ನಾನೇನು ನಿನ್ನ ಆಳಾ?" ಎಂದು ಆಮೇಲೆ ಉಗಿಯುತ್ತಿದ್ದಳು.

ಅವಳು ಆಸ್ಪತ್ರೆಯಲ್ಲಿ ಮಲಗಿ ಇಪ್ಪತ್ತು ದಿನವಾಗಿತ್ತು. ಉಸಿರೆಲ್ಲ ಯಂತ್ರದ್ದು. ಕಣ್ಣು ತೆರೆದಿರಲಿಲ್ಲ. ಒಂದು ಮಧ್ಯಾಹ್ನ ಸುಮ್ಮನಿರಲಾರದೆ ಅವಳ ಕೈ ಹಿಡಿದು ಎರಡರಿಂದ ಶುರುಮಾಡಿದೆ. ತೋರುಬೆರಳು ನನ್ನ ಅಂಗೈ ತಟ್ಟಿತು! ನಲವತ್ತೇಳರವರೆಗೂ ಒಂದೂ ತಪ್ಪಲಿಲ್ಲ. ಅಲ್ಲಿಗೆ ಉತ್ತರ ಇಪ್ಪತ್ತಾರು, ತಟ್ಟಿದ್ದು ಆರು. ಆಮೇಲೆ ಸುಸ್ತಾದಳೆಂದು ನಿಲ್ಲಿಸಿ, ಕೂತಲ್ಲೇ ಗಳಗಳ ಅತ್ತೆ.

ಡಾಕ್ಟರು ನಂಬಲಿಲ್ಲ. "ಬೆರಳು ತಾನಾಗೇ ಅಲ್ಲಾಡುತ್ತೆ ಯಜಮಾನ್ರೇ. ನಾಳೆ ನನ್ನೆದುರಿಗೆ ಒಂದೇ ಒಂದು ಸರಿ ಉತ್ತರ ಬರಲಿ, ಯಂತ್ರ ತೆಗೆಯಲ್ಲ. ಬರದಿದ್ರೆ ನೀವು ಸಹಿ ಹಾಕ್ಬೇಕು. ಈ ಯಂತ್ರಕ್ಕೆ ಬೇರೆಯವರು ಕಾಯ್ತಿದಾರೆ."

ಮರುದಿನ ಡಾಕ್ಟರು ಪಕ್ಕದಲ್ಲೇ ನಿಂತರು. ನಾನು ಅಕ್ಕನ ಕೈ ಹಿಡಿದೆ. ಬಿಟ್ಟಲ್ಲಿಂದಲೇ ಮುಂದುವರಿಸುವುದು ನಮ್ಮ ಪದ್ಧತಿ.

"ಐವತ್ತೊಂದು" ಎಂದೆ.

ಬೆರಳು ಅಲುಗಲಿಲ್ಲ.

"ಐವತ್ತೊಂದು, ಅಕ್ಕಾ!"

ಇಲ್ಲ. ಮೂರನೆಯ ಸಲ ಕೂಗಿಯೇಬಿಟ್ಟೆ. "ನನ್ನ ಮಾನ ಕಳೀಬೇಡ್ವೇ, ತಟ್ಟೇ!"

ಡಾಕ್ಟರು ಕಾಗದ ಚಾಚಿದರು. ಸಹಿ ಹಾಕಿದೆ. ಮುಂದಿನದನ್ನು ನೋಡುವ ಧೈರ್ಯವಿಲ್ಲದೆ ಹೊರಗೆ ಬಂದೆ. ಮೆಟ್ಟಿಲಿಳಿಯುವಾಗ ಅಭ್ಯಾಸಬಲದಿಂದ ಮಗ್ಗಿ ಬಾಯಿಗೆ ಬಂತು. ಹದಿನೇಳು ಮೂರಲೆ ಐವತ್ತೊಂದು.

ಅದು ಅವಿಭಾಜ್ಯವೇ ಅಲ್ಲ. ನನ್ನ ನಾಲಗೆಗೆ ಬೆಂಕಿ ಹಾಕ! ಓದಬೇಕಾಗಿದ್ದದ್ದು ಐವತ್ತಮೂರು. ಅಕ್ಕನಿಗೆ ಪ್ರಜ್ಞೆ ಇದ್ದದ್ದಕ್ಕೇ ಅವಳು ತಟ್ಟಿರಲಿಲ್ಲ.

ಎದ್ದೆನೋ ಬಿದ್ದೆನೋ ಎಂದು ಮೇಲಕ್ಕೆ ಓಡಿದೆ. ಉಸಿರಿನ ಕೊಳವೆ ತೆಗೆದಾಗಿತ್ತು. ಅವಳ ಕೈ ಹಿಡಿದು, "ಐವತ್ತಮೂರು, ಅಕ್ಕಾ, ಐವತ್ತಮೂರು" ಎಂದೆ.

ಐವತ್ತಮೂರರಲ್ಲಿ ಇಪ್ಪತ್ತಾರು ಹೋದರೆ ಇಪ್ಪತ್ತೇಳು. ಏಳು ಸಲ ತಟ್ಟಬೇಕು.

ಒಂದು. ಎರಡು. ಮೂರು.

"ಹಾಕಿ, ಮತ್ತೆ ಹಾಕಿ!" ಎಂದು ಡಾಕ್ಟರು ನರ್ಸಿಗೆ ಕಿರುಚಿದರು.

ನಾಲ್ಕು. ಅವಳ ಬೆರಳು ನನ್ನ ಅಂಗೈಯಲ್ಲೇ ಉಳಿಯಿತು. ಐದಕ್ಕೆ ಏಳಲಿಲ್ಲ.