ಹಬೆಯ ಗೇಟು

ಚನ್ನಯ್ಯನವರ ಎಡ ಅಂಗೈಯಲ್ಲಿ ಲಿಂಗವಿತ್ತು, ಬಲಗೈಯಲ್ಲಿ ಪತ್ರಿ. ಪಡಸಾಲೆಯಲ್ಲಿದ್ದ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಮೂರನೆಯ ಸಲಕ್ಕೆ ಹಂಪಮ್ಮ ಎತ್ತಿಕೊಂಡರು. "ಹೇಳಪ್ಪ" ಎಂದವರು ಕೇಳುತ್ತಲೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಅದು ಒಳಗಿನಿಂದ ಗಂಡನಿಗೆ ಕಂಡಿತು. ಆದರೂ ಚನ್ನಯ್ಯನವರು ಪೂಜೆಯನ್ನು ನಡುವೆ ಬಿಡಲಿಲ್ಲ. ಪತ್ರಿ ಏರಿಸಿದರು, ಲಿಂಗವನ್ನು ಕಣ್ಣಿಗೊತ್ತಿಕೊಂಡು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡರು. ಆಮೇಲೆಯೇ ಯಾರ ಫೋನೆಂದು ಕೇಳಿದರು.

"ಕಕ್ಕೇರಾದಿಂದ ಮನ್ಸೂರಅಲಿ," ಎಂದರು ಹಂಪಮ್ಮ. "ಅವರಪ್ಪ ಹೋದ್ರಂತ. ನಸುಕಿನ್ಯಾಗ ಉಸಿರು ಸಿಗಲಿಲ್ಲಂತ. ಮಧ್ಯಾಹ್ನದ ನಮಾಜು ಮುಗಿಸಿ ಮಣ್ಣು ಮಾಡ್ತಾರಂತ."

ಚನ್ನಯ್ಯನವರು ಎದ್ದು ಕಾರಿನ ಕೀಲಿ ತೆಗೆದುಕೊಂಡರು.

ಮನ್ಸೂರಅಲಿಯ ಅಪ್ಪ ಖಾಜಾಹುಸೇನ ಅವರ ಬಂಧುವಲ್ಲ, ಊರಿನವನೂ ಅಲ್ಲ. ಕಾಲುವೆ ಬಂದ ಕಾಲದಲ್ಲಿ ಚನ್ನಯ್ಯನವರು ಕಾಲುವೆಯ ಗೇಟು ಕಾಯುವ ಕೆಲಸಕ್ಕೆ ಸೇರಿದರು. ಖಾಜಾಹುಸೇನ ಅದೇ ಕಚೇರಿಯ ಜೀಪಿನ ಡ್ರೈವರ್, ಮೆಕಾನಿಕ್ಕೂ ಅವನೇ. ಮೊದಲ ನೀರು ಬಿಟ್ಟ ದಿನ ಇಬ್ಬರೂ ಜೀಪಿನಲ್ಲಿ ಕಾಲುವೆಯ ದಂಡೆಯ ಮೇಲೆ ನೀರಿನ ತಲೆಯ ಜೊತೆಜೊತೆಗೇ ಹೋಗಿದ್ದರು. ನೀರು ಮನುಷ್ಯ ನಡೆದಂತೆ ನಡೆಯುತ್ತಿತ್ತು. ಅದರ ಮುಂದೆ ಕಸಕಡ್ಡಿ, ಕಪ್ಪೆ, ಹಾವಿನ ಪೊರೆ. ದಾರಿಯುದ್ದಕ್ಕೂ ಹೆಂಗಸರು ಅರಿಶಿನ ಕುಂಕುಮ ಹಿಡಿದು ನಿಂತಿದ್ದರು. ಒಬ್ಬ ಮುದುಕ ಚಪ್ಪಲಿ ಬಿಟ್ಟು ಕಾಲುವೆಗಿಳಿದು, ನೀರು ಪಾದಕ್ಕೆ ಬರುವವರೆಗೆ ಕೈಮುಗಿದು ನಿಂತಿದ್ದ. ಸಂಜೆ ದಂಡೆಯ ಮೇಲೆ ಕುಳಿತು ಇಬ್ಬರೂ ಬುತ್ತಿ ಬಿಚ್ಚಿ, ರೊಟ್ಟಿ ಪುಂಡಿಪಲ್ಯ ಹಂಚಿಕೊಂಡರು. ಆಗ ಖಾಜಾಹುಸೇನ ಒಂದು ಮಾತಾಡಿದ್ದ.

"ಸತ್ತವರನ್ನ ನಿಮ್ಮಲ್ಲೂ ಸುಡಂಗಿಲ್ಲ, ನಮ್ಮಲ್ಲೂ ಸುಡಂಗಿಲ್ಲ. ಯಾರು ಮೊದಲು ಹೋಗ್ತಾರೋ, ಉಳಿದಾಂವ ಬಂದು ಮೂರು ಹಿಡಿ ಮಣ್ಣು ಕೊಡಬೇಕು ನೋಡಯ್ಯ."

ಮೂವತ್ತರ ವಯಸ್ಸಿನಲ್ಲಿ ಅದು ನಗೆಮಾತು. ನಗುತ್ತಲೇ ಚನ್ನಯ್ಯನವರು ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದರು.

ವನದುರ್ಗ ಬಿಟ್ಟಾಗ ಹನ್ನೊಂದೂವರೆ. ಬಿಳಿ ಕಾರು ಹಳೆಯದು, ಖಾಜಾಹುಸೇನನೇ ನೋಡಿ ಕೊಡಿಸಿದ್ದು. ಸುರಪುರ ದಾಟುವಾಗ ಪೆಟ್ರೋಲಿನ ಮುಳ್ಳು ಕೆಂಪು ಗೆರೆಗಿಂತ ಕೆಳಗಿತ್ತು. ಪೆಟ್ರೋಲು ಹಾಕಿಸದೆ ಕಕ್ಕೇರಾ ಮುಟ್ಟುವಂತಿರಲಿಲ್ಲ. ಹಾಕಿಸಿದರೆ ಈ ಕಾರು ಒಂದು ಗಳಿಗೆ ಚಾಲೂ ಆಗುವುದಿಲ್ಲವೆಂಬುದು ಗಂಡಹೆಂಡತಿ ಇಬ್ಬರಿಗೂ ಗೊತ್ತಿತ್ತು. ವರ್ಷದಿಂದಲೂ ಅದರ ಚಾಳಿ ಅದೇ. ಹೊಟ್ಟೆ ತುಂಬಿದ ಕೂಡಲೇ ಮಾವನ ಮನೆಗೆ ಬಂದ ಅಳಿಯನಂತೆ ಸೆಟೆದುಕೊಳ್ಳುತ್ತದೆಂದು ಹಂಪಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಬಂಕಿನಲ್ಲಿ ಹಾಗೇ ಆಯಿತು. ಟ್ಯಾಂಕು ತುಂಬಿಸಿ ಕೀಲಿ ತಿರುಗಿಸಿದರೆ ಎಂಜಿನ್ನು ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಎಂದಿನಂತೆ ಚನ್ನಯ್ಯನವರು ಎಕ್ಸಲರೇಟರನ್ನು ನೆಲಕ್ಕೆ ತುಳಿದು ಮತ್ತೆ ಮತ್ತೆ ತಿರುಗಿಸಿದರು. ಬೇರೆ ದಿನವಾಗಿದ್ದರೆ ನಡುನಡುವೆ ಬಿಟ್ಟು, ಬ್ಯಾಟರಿಗೆ ದಮ್ಮು ತೆಗೆದುಕೊಳ್ಳಲು ಕೊಟ್ಟು ತಿರುಗಿಸುತ್ತಿದ್ದರು. ಇಂದು ಕೈ ತಾಳಲಿಲ್ಲ. ಸದ್ದು ದಪ್ಪಗಾಗಿ, ಮಂದವಾಗಿ, ಕೊನೆಗೆ ನರಳಿದಂತೆ ಕೇಳತೊಡಗಿತು. ಬಂಕಿನಲ್ಲಿ ಪೆಟ್ರೋಲು ಹಾಕುವ ಅಯ್ಯಮ್ಮ ಖಾಕಿ ಅಂಗಿಯ ತೋಳು ಏರಿಸಿಕೊಂಡು ಬಂದಳು. ಹಿಂದೆ ಗಾಡಿಗಳ ಸಾಲು ನಿಂತಿತ್ತು. ಅವಳು ಇನ್ನಿಬ್ಬರನ್ನು ಕರೆದು ಕಾರನ್ನು ರಸ್ತೆಯಾಚೆ ಬೇವಿನ ಮರದ ನೆರಳಿಗೆ ತಳ್ಳಿಸಿದಳು. ಕಕ್ಕೇರಾ ಬಸ್ಸಿನ ವಿಷಯ ಹಂಪಮ್ಮ ಕೇಳಿದರು. ಅದು ಈಗಷ್ಟೇ ಹೋಯಿತು, ಇನ್ನು ಮೂರು ಗಂಟೆಗೇ ಎಂದಳು ಅಯ್ಯಮ್ಮ.

ಗಂಟೆ ಹನ್ನೆರಡೂವರೆ ಆಗುತ್ತ ಬಂದಿತ್ತು.

"ಆ ಸಾಮಾನು ಗಾಡ್ಯಾಗೇ ಅದ ಅಲ್ಲ?" ಎಂದರು ಹಂಪಮ್ಮ.

ಇತ್ತು. ಮುಂದಿನ ಖಾನೆಯಲ್ಲಿ, ಹಳೆಯ ಪೇಪರಿನಲ್ಲಿ ಸುತ್ತಿದ ಹೊಸ ವಾಲ್ವು ಹನ್ನೊಂದು ತಿಂಗಳಿನಿಂದ ಇತ್ತು.

ಕಾರಿನ ರೋಗವನ್ನು ಖಾಜಾಹುಸೇನ ಮೊದಲ ದಿನವೇ ಗುರುತಿಸಿದ್ದ. ಕಕ್ಕೇರಾದ ತನ್ನ ಅಂಗಳದಲ್ಲಿ ಬಾನೆಟ್ಟು ಎತ್ತಿ, ಕರಿಯ ಡಬ್ಬಿಯಂಥ ಒಂದು ಸಣ್ಣ ವಾಲ್ವು ತೋರಿಸಿದ್ದ. ಅದಕ್ಕೆ ಎರಡು ರಬ್ಬರ್ ಪೈಪು, ಒಂದು ವೈರಿನ ಪ್ಲಗ್ಗು, ಒಂದೇ ಬೋಲ್ಟು. "ಟ್ಯಾಂಕಿನ್ಯಾಗ ಪೆಟ್ರೋಲಿನ ಹಬಿ ತುಂಬಿರ್ತದ," ಎಂದಿದ್ದ. "ಇದು ಆ ಹಬೀಗೆ ಗೇಟು. ಎಂಜಿನ್ ಕೇಳಿದಾಗಷ್ಟೇ ತೆರೀಬೇಕು, ಬ್ಯಾರೆ ಹೊತ್ತು ಮುಚ್ಚಿರಬೇಕು. ಇದು ತೆರದೇ ಕುಂತುಬಿಟ್ಟದ. ಟ್ಯಾಂಕು ತುಂಬಿಸಿದ್ರ ಹಬಿ ನುಗ್ಗಿ ಎಂಜಿನ್ ಮುಳುಗ್ತದ. ನೀ ಗೇಟಿನವ, ನಿನಗ ನಾ ಹೇಳಬೇಕೇನು?"

ಗೇಟು ಮುಚ್ಚದಿದ್ದರೆ ಕೆಳಗಿನ ಹೊಲ ಮುಳುಗುತ್ತದೆ. ಚನ್ನಯ್ಯನವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ.

ಮುಂದಿನ ಸಲ ಹೋದಾಗ ಖಾಜಾಹುಸೇನ ಯಾದಗಿರಿಯಿಂದ ಹೊಸ ವಾಲ್ವು ತರಿಸಿಟ್ಟಿದ್ದ. ಆದರೆ ಹಾಕಲಿಲ್ಲ. ಚಹಾ ಕುಡಿದರು, ಕಾಲುವೆಯ ಮಾತಾಡಿದರು, ತಿಂಥಣಿಗೆ ಹೋಗಿ, ಹಿಂದೂ ಮುಸ್ಲಿಮರೆಲ್ಲ ನಡೆದುಕೊಳ್ಳುವ ಮೌನಪ್ಪನ ಗುಡಿಯಲ್ಲಿ ನೈವೇದ್ಯಕ್ಕೆ ಸಕ್ಕರೆ ಓದಿಸಿ ಬಂದರು, ಹೊತ್ತು ಮುಳುಗಿತು. ಬರುವ ತಿಂಗಳು ಹಾಕೋಣ ಎಂದ. ಬರುವ ತಿಂಗಳೂ ಹಾಗೇ ಆಯಿತು. ಯಾಕೆಂದು ಇವರು ಕೇಳಲಿಲ್ಲ, ಅವನೂ ಹೇಳಲಿಲ್ಲ. ರಿಟೈರಾದ ಮೇಲೆ ಒಬ್ಬರನ್ನೊಬ್ಬರು ನೋಡಲು ಇಬ್ಬರಿಗೂ ಒಂದು ಕಾರಣ ಬೇಕಿತ್ತು. ಇಬ್ಬರು ಮುದುಕರು ಕೂಡಿ ಒಂದು ಬೋಲ್ಟು ಬಿಚ್ಚಲು ವರ್ಷ ಮಾಡಿದರೆಂದು ಹಂಪಮ್ಮ ಆಡಿಕೊಂಡಿದ್ದರು.

ಕಳೆದ ತಿಂಗಳು ಖಾಜಾಹುಸೇನನಿಗೆ ಹೊರಸಿನಿಂದ ಏಳಲು ಆಗುತ್ತಿರಲಿಲ್ಲ. ಎರಡು ಮಾತಿಗೊಮ್ಮೆ ಎದೆ ಹಿಡಿದುಕೊಳ್ಳುತ್ತಿದ್ದ. ಹೊರಸನ್ನು ಕಾರಿನ ಪಕ್ಕಕ್ಕೆ ಹಾಕಿಸಿಕೊಂಡು, "ಇವತ್ತು ನೀ ಬಿಚ್ಚು, ನಾ ನೋಡ್ತೀನಿ" ಎಂದ. ಚನ್ನಯ್ಯನವರು ಬಿಚ್ಚಿದರು. ಊದಿ ನೋಡೆಂದ, ಊದಿದರು. ಪ್ಲಗ್ಗು ಹೇಗೆ ತೆಗೆಯಬೇಕು, ಯಾವ ಪೈಪು ಯಾವ ಕಡೆಗೆಂದು ಮೂರು ಸಲ ಹೇಳಿಸಿದ. ಎಲ್ಲ ಆದ ಮೇಲೆ ಚನ್ನಯ್ಯನವರು ಹಳೆಯದನ್ನೇ ಮತ್ತೆ ಕೂಡಿಸಿ ಬೋಲ್ಟು ಬಿಗಿದರು.

"ಹೊಸಾದು ಹಾಕವಲ್ಲಿ?" ಎಂದಿದ್ದ ಖಾಜಾಹುಸೇನ.

"ಬರೋ ತಿಂಗಳು ನೀನೇ ಹಾಕಂತಿ."

ಅವನು ನಕ್ಕು ಕಣ್ಣು ಮುಚ್ಚಿಕೊಂಡಿದ್ದ.

ಬೇವಿನ ಕೆಳಗೆ ಚನ್ನಯ್ಯನವರು ರುಮಾಲು ತೆಗೆದು ಹಂಪಮ್ಮನ ಕೈಗೆ ಕೊಟ್ಟು, ಧೋತರ ಎತ್ತಿ ಕಟ್ಟಿಕೊಂಡು ಬಾನೆಟ್ಟು ಎತ್ತಿದರು. ಗಾಡಿಯಲ್ಲಿದ್ದ ಹತ್ತನೇ ನಂಬರಿನ ಪಾನಾ ಬೋಲ್ಟಿಗೆ ಕೂತಿತು. ಪ್ಲಗ್ಗಿನ ಹಲ್ಲು ಮಾತ್ರ ಏಳಲಿಲ್ಲ, ಸಂದಿಗೆ ಬೆರಳು ಹಿಡಿಸಲಿಲ್ಲ. ಹಂಪಮ್ಮ ತುರುಬಿನಿಂದ ಪಿನ್ನು ತೆಗೆದು ಸಂದಿಗೆ ತೂರಿಸಿ ಹಿಡಿದರು. ಪ್ಲಗ್ಗು ಬಿಟ್ಟಿತು. ಪೈಪುಗಳನ್ನು ತಿರುಚಿ ಎಳೆದಾಗ ಹಬೆಯ ವಾಸನೆ ಮುಖಕ್ಕೆ ಬಡಿಯಿತು.

ಹಳೆಯ ವಾಲ್ವನ್ನು ಬಾಯಿಗಿಟ್ಟು ಊದಿದರು. ಮುಚ್ಚಿರಬೇಕಾದ ಗೇಟಿನಿಂದ ಉಸಿರು ಸರಾಗವಾಗಿ ಆಚೆ ಹೋಯಿತು. ಪೂಜೆ ಮುಗಿಸಿ ಇನ್ನೂ ಹನಿ ನೀರು ಕುಡಿಯದ ಬಾಯಲ್ಲಿ ಪೆಟ್ರೋಲಿನ ಕಹಿ ಉಳಿಯಿತು. ಆಮೇಲೆ ಪೇಪರು ಬಿಚ್ಚಿ ಹೊಸದನ್ನು ಊದಿದರು. ಕೆನ್ನೆ ಉಬ್ಬಿದವು, ಉಸಿರು ಅಲ್ಲೇ ನಿಂತಿತು.

"ಇದು ಹಿಡೀತದ," ಎಂದರು. ಹೆಂಡತಿಗೆ ಹೇಳಿದರೋ ಬೇರೆ ಯಾರಿಗೋ.

ಟ್ಯಾಂಕಿನ ಪೈಪು ಒಂದು ಬಾಯಿಗೆ, ಎಂಜಿನ್ನಿನದು ಇನ್ನೊಂದು ಬಾಯಿಗೆ, ಪ್ಲಗ್ಗು ಟಕ್ಕೆಂದಿತು. ಬೋಲ್ಟು ಬಿಗಿಯುವಾಗ ಎಲ್ಲಿ ನಿಲ್ಲಿಸಬೇಕೆಂದು ಕೈಗೇ ತಿಳಿಯಿತು. ಕಾರಿನಲ್ಲಿ ಕುಳಿತು ಎಕ್ಸಲರೇಟರ್ ಪೂರ್ತಿ ತುಳಿದು, ಶಿವನ ಹೆಸರು ಹೇಳಿ ಕೀಲಿ ತಿರುಗಿಸಿದರು. ಬ್ಯಾಟರಿಯಲ್ಲಿ ಉಳಿದಿದ್ದು ಒಂದೇ ಸರತಿ. ಎಂಜಿನ್ನು ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಕಕ್ಕಿ, ಹತ್ತಿಕೊಂಡಿತು. ನಿಧಾನವಾಗಿ ಅದರ ಸದ್ದು ಸಮವಾಯಿತು. ಇಷ್ಟು ಸಮವಾಗಿ ಅದು ಓಡಿದ್ದನ್ನು ವರ್ಷದಿಂದ ಅವರು ಕೇಳಿರಲಿಲ್ಲ. ರಸ್ತೆಯಾಚೆಯಿಂದ ಅಯ್ಯಮ್ಮ ಕೈಯೆತ್ತಿದಳು. ಗಂಟೆ ಒಂದೂವರೆ ದಾಟಿತ್ತು.

ದಾರಿಯಲ್ಲಿ ಕಾಲುವೆ ಸಿಕ್ಕಿತು. ನೀರು ಬಿಟ್ಟಿದ್ದರು, ಅದು ತುಂಬಿ, ಯಾರ ಕಡೆಗೂ ನೋಡದೆ ಹರಿಯುತ್ತಿತ್ತು.

ಖಬರಸ್ತಾನ ಮುಟ್ಟಿದಾಗ ನಮಾಜು ಮುಗಿದಿತ್ತು, ದೇಹವನ್ನು ಇಳಿಸಿ ಹಲಗೆ ಮುಚ್ಚಿ ಆಗಿತ್ತು. ಮುಖ ನೋಡುವುದು ತಪ್ಪಿಹೋಯಿತು. ಜನ ಸಾಲಾಗಿ ಮಣ್ಣು ಕೊಡುತ್ತಿದ್ದರು. ಹಂಪಮ್ಮ ಹೆಂಗಸರಿದ್ದ ಮನೆಯ ಕಡೆ ನಡೆದರು. ಮನ್ಸೂರಅಲಿ ದೂರದಿಂದಲೇ ಚನ್ನಯ್ಯನವರನ್ನು ಕಂಡು, ಸಲಿಕೆ ಹಿಡಿದವರಿಗೆ ತಾಳಲು ಹೇಳಿ, ಬಂದು ತೋಳು ಹಿಡಿದುಕೊಂಡ.

"ರಾತ್ರಿ ಅಪ್ಪ ನಿಮ್ಮ ಹೆಸರೇ ತೆಗದಿದ್ದ ರೀ ಕಾಕಾ. 'ಅಯ್ಯ ಆ ವಾಲ್ವು ಹಾಕಿದ್ನೇನು' ಅಂತ ಕೇಳಿದ."

ಚನ್ನಯ್ಯನವರು ಜೇಬಿಗೆ ಕೈಹಾಕಿ ಹಳೆಯ ವಾಲ್ವು ತೆಗೆದು ಅವನ ಅಂಗೈಯಲ್ಲಿಟ್ಟರು. ಅವನು ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

ಅವರ ಕೈಗಳೆರಡೂ ಕಪ್ಪಾಗಿದ್ದವು. ತೊಳೆಯಬೇಕೆಂದು ನೀರಿಗಾಗಿ ಸುತ್ತ ನೋಡಿದರು, ಆಮೇಲೆ ಬಿಟ್ಟರು. ಹೀಗೆ ಕಪ್ಪಾದ ಕೈಯಲ್ಲೇ ಖಾಜಾಹುಸೇನ ಎಷ್ಟೋ ಸಲ ಇವರಿಗೆ ರೊಟ್ಟಿ ಮುರಿದುಕೊಟ್ಟಿದ್ದ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಾಕಿದರು. ಎರಡನೆಯದು. ಮೂರನೆಯ ಹಿಡಿಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತರು. ಕಾಲುವೆ ಸೀಮೆಯ ಕರಿಮಣ್ಣು, ತಂಪಾಗಿತ್ತು. ಬೆರಳು ಸಡಿಲಿಸಿದರು.

ಆಮೇಲೆ ಎದೆಯ ಮೇಲಿನ ಲಿಂಗಕ್ಕೆ ಕೈಯೊತ್ತಿ, ಕಣ್ಣು ಮುಚ್ಚಿ ಬೇಡಿಕೊಂಡರು. ಶಿವನೇ, ಬಾಳೆಲ್ಲ ಇನ್ನೊಬ್ಬರ ಗಾಡಿಯ ಕೆಳಗೆ ಮಲಗಿದವನು, ಈಗ ತನ್ನ ಜಾಗದಲ್ಲಿ ಮಲಗಿದ್ದಾನೆ. ಉಸಿರಿಗಾಗಿ ಬಹಳ ತೊಳಲಿದ್ದಾನೆ. ಇನ್ನು ಅವನನ್ನು ಯಾವ ಕೆಲಸಕ್ಕೂ ಎಬ್ಬಿಸಬೇಡ. ಅವನಿಗೆ ಶಾಂತಿ ಕೊಡು ತಂದೆ.