ಎರಡು ಊರುಗಳ ನಡುವಿನ ಮಾವು

ದೊನ್ಯಾ ನಿಮಿಯಾ ಅವರ ಎರಡು ಕಾಲುಗಳು ಒಂದೇ ಊರಿನಲ್ಲಿ ಇದ್ದದ್ದನ್ನು ನಾನು ಹೆಚ್ಚಾಗಿ ನೋಡಿಲ್ಲ. ನಮ್ಮ ಬೀದಿಯ ಮಾವಿನ ಬುಡದಲ್ಲಿ ರಾಜಧಾನಿ ಮುಗಿದು ಪಕ್ಕದ ಊರು ಶುರುವಾಗುತ್ತದೆ. ಅವರು ಅಲ್ಲಿಯೇ, ಊದಿದ ಮಂಡಿಗಳ ಮೇಲೆ ಬಾತುಕೋಳಿಯಂತೆ ಅತ್ತಿತ್ತ ಓಲಾಡುತ್ತ, ತೆರೆರೆ ಎಂಬ ತಂಪು ಪಾನೀಯದ ನೀರಿಗೆ ಹಾಕುವ ಸೊಪ್ಪುಬೇರುಗಳನ್ನು ಒರಳಿನಲ್ಲಿ ಜಜ್ಜಿ ಮಾರುತ್ತಿದ್ದರು. ಏಪ್ರನ್ನಿನ ಒಂದು ಜೇಬಿನಲ್ಲಿ ಪುದೀನ, ಇನ್ನೊಂದರಲ್ಲಿ ಜಪಮಾಲೆ.

ದೂರದವರಿಗೆ ನಮ್ಮ ರಾಜಧಾನಿ ಅಸುನ್ಸಿಯೋನ್ ಒಂದೇ ಊರು. ನಮಗೆ ಅದು ಲುಕೆ, ಲಂಬಾರೆ, ಸಾನ್ ಲೊರೆನ್ಸೊ ಎಂದು ಹೆಗಲಿಗೆ ಹೆಗಲು ತಾಗಿಸಿ ಕೂತ ಊರುಗಳ ಗುಂಪು. ಒಂದೊಂದಕ್ಕೂ ತನ್ನದೇ ಮೇಯರ್, ತನ್ನದೇ ಸಂತ, ತನ್ನದೇ ಕಸದ ಲಾರಿ. ಬಸ್ಸು ಮಾತ್ರ ಎಲ್ಲವನ್ನೂ ದಾಟಿಕೊಂಡು ಹೋಗುತ್ತದೆ.

ಕೊಂಬೆಗಳು ವಿದ್ಯುತ್ ತಂತಿಗೆ ತಾಗುತ್ತವೆಂದು ಮರ ಕಡಿಯುವ ಮಾತು ಹುಟ್ಟಿದಾಗ ನಿಮಿಯಾ ರಾಜಧಾನಿಯ ನಗರಸಭೆಯವರಿಗೆ "ಇದು ಅವರ ಮರ" ಎಂದರು, ಪಕ್ಕದೂರಿನವರಿಗೂ ಅದನ್ನೇ ಹೇಳಿ ಕಳಿಸಿದರು. ಆ ನೆರಳು ಹೋದರೆ ಜನವರಿಯ ನಡುಬೇಸಿಗೆಯ ಬಿಸಿಲಿನಲ್ಲಿ ಅವರ ಬಳಿ ನಿಂತು ಕೊಳ್ಳುವವರು ಯಾರೂ ಇರುತ್ತಿರಲಿಲ್ಲ.

"ಸುಳ್ಳು ಪಾಪ ಅಲ್ವಾ?" ಎಂದೆ. ನಾವು ಜೊತೆಯಲ್ಲೇ ಪ್ರಾರ್ಥನೆಗೆ ಹೋಗುವವರು.

"ಅರ್ಧ ಇವರಿಗೆ ಹೇಳ್ದೆ, ಅರ್ಧ ಅವರಿಗೆ. ಎರಡೂ ಸೇರಿಸಿ ನೋಡು, ನಿಜಾನೇ ಆಗುತ್ತೆ ಕಣೇ!"

ತಂತಿಯ ದೂರು ನಿಲ್ಲದ್ದರಿಂದ ಒಂದು ಬೆಳಿಗ್ಗೆ ಎರಡೂ ಕಡೆಯ ಲಾರಿಗಳು ಮರ ಕಡಿಯಲು ಒಟ್ಟಿಗೆ ಬಂದು ನಿಂತವು. ಆಳುಗಳು ಪರಸ್ಪರ ಮಾತಾಡಿಕೊಂಡರು; ಗುಟ್ಟು ಬಯಲಾಯಿತು. ಪಕ್ಕದೂರಿನ ಮೇಸ್ತ್ರಿ ದೆರ್ಲಿಸ್ ಸೊಂಟದ ಮೇಲೆ ಕೈಯಿಟ್ಟು ನಕ್ಕ.

"ಭಲೇ ಅಜ್ಜಿ! ನಾಳೆ ಸ್ವರ್ಗಕ್ಕೆ ಹೋದ್ರೆ ಯಾವ ಬಾಗಿಲಲ್ಲಿ ನಿಲ್ತೀಯಾ?"

"ನೆರಳಿರೋ ಬಾಗಿಲಲ್ಲಿ, ಮಗಾ. ಮೊದಲು ತಣ್ಣಗೆ ಕುಡೀರಿ, ಆಮೇಲೆ ಕಡೀರಿ."

ಒಂದೇ ಬಟ್ಟಲು ಎರಡೂ ಊರಿನವರ ಕೈಯಲ್ಲಿ ಸುತ್ತಿತು. ಅಷ್ಟರಲ್ಲಿ ದೆರ್ಲಿಸ್ ತಲೆಯೆತ್ತಿ ನೋಡಿದ: ತಂತಿ ಇದ್ದದ್ದು ರಾಜಧಾನಿಯ ಕಡೆ ಮಾತ್ರ. "ನಮ್ಮ ಕಡೆ ಕಡಿಯೋಕೆ ಏನಿದೆ?" ಎಂದು ಲಾರಿ ಹತ್ತಿದ. ರಾಜಧಾನಿಯವರು ತಮ್ಮ ಕಡೆಯ ಕೊಂಬೆಗಳನ್ನಷ್ಟೇ ಇಳಿಸಿದರು. ಉಳಿದದ್ದು ಅರ್ಧ ಮರ, ಮಧ್ಯಾಹ್ನದವರೆಗಿನ ನೆರಳು.

ನಿಮಿಯಾ ಅಳಲಿಲ್ಲ, ಗೆದ್ದೆನೆಂದೂ ಹೇಳಲಿಲ್ಲ. ಮಧ್ಯಾಹ್ನದ ಮೇಲಿನ ವ್ಯಾಪಾರ ಬಿಟ್ಟರು, ಬೆಳಿಗ್ಗೆ ಇನ್ನಷ್ಟು ಬೇಗ ಬರತೊಡಗಿದರು.

ಮಹಾನಗರಗಳ ಅಂಚಿನಲ್ಲಿ ಇಂಥವರು ಎಲ್ಲೆಡೆ ಇರುತ್ತಾರೆ. ಗಡಿ ಎಳೆಯುವಾಗ ಅವರನ್ನು ಯಾರೂ ಕೇಳುವುದಿಲ್ಲ. ಎಳೆದ ಮೇಲೆ ಅದರ ಮೇಲೆಯೇ ಬದುಕುವವರು ಅವರು. ದೇವರು ಕೊಟ್ಟದ್ದರಲ್ಲಿ ಅರ್ಧ ಉಳಿದರೆ, ದಿನವನ್ನು ಆ ಅರ್ಧದ ಅಳತೆಗೆ ಕತ್ತರಿಸಿಕೊಳ್ಳುತ್ತಾರೆ.