ಬಲ ಭುಜದ ಅರ್ಧ ಇಂಚು

ಅವಳು ಗಂಡನ ದೇಶಕ್ಕೆ ಸಂಸಾರ ಸಾಗಿಸಿ ಆರು ವಾರವಾಗಿತ್ತು. ಹೊಲಿಗೆ ಯಂತ್ರ ಮುಕ್ಕಾಗದೆ ಬಂದು ಸೇರಿತ್ತು, ಮಗಳಿಗೆ ಶಾಲೆ ಸಿಕ್ಕಿತ್ತು. ಅತ್ತೆ ಮಾತ್ರ ಈ ಪರದೇಶದ ಸೊಸೆಯ ಜೊತೆ ಆರು ವಾರದಲ್ಲಿ ಆರು ಮಾತೂ ಆಡಿರಲಿಲ್ಲ. ಹೋಗಲಿ, ಅದನ್ನು ಸಹಿಸಬಹುದು. ಇಲ್ಲಿ ಉಳಿಯಲು ಪರವಾನಗಿಯೇ ಸಿಗದಿದ್ದರೆ? ಮದುವೆ ನಿಜವೆಂದು ವಲಸೆ ಕಚೇರಿಯವರು ನಂಬಬೇಕು. ನಂಬದಿದ್ದರೆ ಗಂಡ, ಮಗಳು ಇಲ್ಲಿ. ಅವಳು ತಿಂಗಳೊಳಗೆ ಒಬ್ಬಳೇ ವಾಪಸ್.

ಕಚೇರಿಯಲ್ಲಿ ಗಂಡ ಹೆಂಡತಿಯನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಅದದೇ ಪ್ರಶ್ನೆ ಕೇಳಿದರು. ಗಂಡ ಬಸ್ ಡ್ರೈವರ್. ಎಂಥ ಇಕ್ಕಟ್ಟಿನ ರಸ್ತೆಯಲ್ಲೂ ಬಸ್ಸಿಗೆ ಗೀರು ಬೀಳದಂತೆ ಓಡಿಸುವವನು, ಮೇಜಿನ ಮುಂದೆ ಕೂತರೆ ಮಾತ್ರ ನಾಲಿಗೆ ಒಣಗುವ ಪ್ರಾಣಿ. ಮದುವೆಯ ತಾರೀಖು ತಪ್ಪು ಹೇಳಿದ. ಮಲಗುವ ಕೋಣೆಯ ಪರದೆ ಹಸಿರು ಎಂದ. ಅದು ನೀಲಿ, ಹೊಲಿದವಳು ಅವಳೇ. ಮಗಳ ಹುಟ್ಟಿದ ದಿನವನ್ನಾದರೂ ಸರಿಯಾಗಿ ಹೇಳಿದ್ದು ಯಾರ ಪುಣ್ಯವೋ.

ಕೊನೆಗೆ ಇಬ್ಬರನ್ನೂ, ಸಾಕ್ಷಿಗೆಂದು ಬಂದಿದ್ದ ಅತ್ತೆಯನ್ನೂ ಒಟ್ಟಿಗೆ ಕರೆದರು. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹನ್ನೆರಡು ಪ್ರಶ್ನೇಲಿ ಏಳು ಉತ್ತರ ಹೊಂದ್ತಾನೇ ಇಲ್ಲ. ನೀವು ಒಂದೇ ಮನೇಲಿರೋರು ಅಂತ ಹೇಗಮ್ಮ ನಂಬೋದು?"

ಅವಳಿಗೆ ಅಳು ಬರಬೇಕಿತ್ತು, ಸಿಟ್ಟು ಬಂತು.

"ಮೇಡಂ, ತಾರೀಖು ಬಿಡಿ, ಅದು ಕ್ಯಾಲೆಂಡರಿಗೂ ಗೊತ್ತಿರುತ್ತೆ. ನಾನು ದರ್ಜಿ, ನನ್ನ ಅಳತೆ ಕೇಳಿ. ಇವರ ಕತ್ತು ಹದಿನೈದೂವರೆ. ಎದೆ ನಲವತ್ತು. ಬಲ ಭುಜ ಎಡಕ್ಕಿಂತ ಅರ್ಧ ಇಂಚು ತಗ್ಗು. ಹನ್ನೊಂದು ವರ್ಷದಿಂದ ಪ್ರತಿ ಅಂಗಿಗೂ ತಗ್ಗು ಕಾಣದ ಹಾಗೆ ಆ ಕಡೆ ಒಳಗೊಂದು ಬಟ್ಟೆ ಮಡಿಸಿಟ್ಟು ಹೊಲೀತಿದೀನಿ. ಇವರಿಗೇ ಗೊತ್ತಿಲ್ಲ!"

"ಏನು, ನನ್ನ ಭುಜ ಸೊಟ್ಟಾನಾ?" ಅಂದ ಗಂಡ. ಆ ದಿನ ಅವನು ತಡವರಿಸದೆ ಆಡಿದ ಮೊದಲ ಮಾತು ಅದು.

ಅವಳು ಚೀಲದಿಂದ ಟೇಪು ತೆಗೆದು ಮೇಜಿನ ಮೇಲಿಟ್ಟಳು. ಅಧಿಕಾರಿ ಗಂಡನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಅಂಗಿಯನ್ನು ಭುಜದಿಂದ ಇಳಿಸಲು ಹೇಳಿ, ನೆಲದಿಂದ ಎರಡೂ ಭುಜಕ್ಕೆ ತಾವೇ ಅಳೆದರು. ಎರಡೆರಡು ಸಲ ಅಳೆದರು. ಅರ್ಧ ಇಂಚು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಆಮೇಲೆ ಅಂಗಿಯ ಭುಜದ ಒಳಗೆ ನೋಡಿದರು. ಬಲಗಡೆ ಮಡಿಕೆ ಇತ್ತು, ಎಡಗಡೆ ಇರಲಿಲ್ಲ.

ಅಷ್ಟರಲ್ಲಿ ಮೂಲೆಯ ಕುರ್ಚಿಯಿಂದ ಅತ್ತೆ ಎದ್ದರು.

"ಇವನ ಸ್ಕೂಲ್ ಅಂಗಿಗೂ ನಾನು ಹೀಗೇ ಬಟ್ಟೆ ಇಟ್ಟು ಹೊಲೀತಿದ್ದೆ. ಮಗು ನೊಂದ್ಕೊಳುತ್ತೆ ಅಂತ ಒಂದು ನರಪಿಳ್ಳೆಗೂ ಹೇಳಿರ್ಲಿಲ್ಲ. ನಿಂಗೆ ಯಾರೇ ಹೇಳಿದ್ರು?"

"ಯಾರೂ ಹೇಳ್ಲಿಲ್ಲ ಅತ್ತೆ. ಮೊದಲನೇ ಅಂಗಿ ಹೊಲಿದಾಗ್ಲೇ ಕೈಗೆ ಗೊತ್ತಾಯ್ತು."

"ಹನ್ನೊಂದು ವರ್ಷ ಗಂಡನ ಐಬು ಗಂಡನಿಗೇ ಹೇಳದೆ ಮುಚ್ಚಿಟ್ಟಿದ್ದೀರಲ್ಲ," ಎಂದು ನಗುತ್ತಾ ಅಧಿಕಾರಿ ಮುದ್ರೆ ಕೈಗೆತ್ತಿಕೊಂಡರು, "ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?" ಮುದ್ರೆ ಧಡ್ ಎಂದು ಬಿತ್ತು. ಅವಳಿಗೆ ಆನಂದದಲ್ಲಿ ಕಾಲೇ ನೆಲಕ್ಕೆ ತಾಗಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಗಂಡ ಭುಜ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ಮುಂದೆ ನಡೆದ. ಅತ್ತೆ ಸೊಸೆಯ ಕೈ ಹಿಡಿದು ಹಿಂದಕ್ಕೆಳೆದು, ಕಿವಿಯ ಹತ್ತಿರ ಬಗ್ಗಿದರು.

"ಇನ್ನೊಂದು ನಾಲ್ಕು ವರ್ಷ ಬಿಟ್ಟು ಎರಡು ಮಡಿಕೆ ಇಡು ಕಣೇ. ವಯಸ್ಸಾದಂಗೆ ಇನ್ನೂ ತಗ್ಗುತ್ತೆ. ಇವನಪ್ಪಂದೂ ಹಾಗೇ ಆಗಿತ್ತು, ಪಾಪ, ಅವರಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ."